ಕೀನನ್ ತೀರ್ಪಿನ ಮೂರು ಷರತ್ತುಗಳು

ಭೋಪಾಲ್ ಅನಿಲ ದುರಂತದ ದಾವೆಗಳು ಭಾರತದಲ್ಲೇ ನಡೆಯಬೇಕೆಂದು ನ್ಯೂಯಾರ್ಕಿನ ಫೆಡರಲ್ ಜಿಲ್ಲಾ ನ್ಯಾಯಾಧೀಶ ಜಾನ್ ಕೀನನ್ 1986ರ ಮೇ 12ರಂದು ತೀರ್ಪು ಕೊಟ್ಟರು. ಹೊರನಾಡಿನಲ್ಲಿ ಹಾನಿ ಮಾಡಿದ ಕಂಪನಿಯನ್ನು ಅದರ ತವರಿನ ಕೋರ್ಟಿಗೆ ಎಳೆಯಬಹುದೇ ಎಂಬ ಚರ್ಚೆ ಬಂದಲ್ಲೆಲ್ಲ ಈ ತೀರ್ಪಿನ ಹೆಸರು ಬರುತ್ತದೆ. ವಿದೇಶಿ ನ್ಯಾಯಾಂಗಕ್ಕೆ ತೋರಿದ ಗೌರವದ ಮಾದರಿ ಎಂದು ಅದನ್ನು ಹೊಗಳಿದವರಿದ್ದಾರೆ, ಗೌರವದ ಸೋಗಿನಲ್ಲಿ ಸಂತ್ರಸ್ತರಿಗೆ ಬಾಗಿಲು ಹಾಕಿದ ಕಪಟ ಎಂದು ಜರೆದವರೂ ಇದ್ದಾರೆ. ಎರಡೂ ಪಂಗಡದವರು ಎತ್ತಿಕೊಳ್ಳುವುದು ತೀರ್ಪಿನ ಕೊನೆಯ ಭಾಗದ ಭಾವುಕ ಸಾಲುಗಳನ್ನು. ಆ ಸಾಲುಗಳ ಪಕ್ಕದಲ್ಲೇ ಇರುವ ಮೂರು ಒಣ ಷರತ್ತುಗಳನ್ನು ಓದಿದವರು ಕಡಿಮೆ. ತೀರ್ಪಿಗೆ ಏನಾದರೂ ಬೆಲೆಯಿದ್ದರೆ ಅದು ಆ ಷರತ್ತುಗಳಿಂದ. ಅವುಗಳಲ್ಲಿ ಎರಡು ಎಂಟೇ ತಿಂಗಳಲ್ಲಿ ಬಿದ್ದುಹೋದವು.

ದುರಂತದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. 1984ರ ಡಿಸೆಂಬರ್ 2–3ರ ರಾತ್ರಿ ಅನಿಲ ಸೋರಿ ವಾರ ಕಳೆಯುವ ಮೊದಲೇ ಅಮೆರಿಕದ ವಕೀಲರು ಅಲ್ಲಿ ದಾವೆ ಹೂಡಲಾರಂಭಿಸಿದರು. ಸುಮಾರು 145 ದಾವೆಗಳು ಒಟ್ಟಾಗಿ ಕೀನನ್ ಮುಂದೆ ಬಂದವು. 1985ರ ಮಾರ್ಚ್‌ನಲ್ಲಿ ಭಾರತದ ಸಂಸತ್ತು ಸಂತ್ರಸ್ತರೆಲ್ಲರ ಪರವಾಗಿ ವ್ಯಾಜ್ಯ ನಡೆಸುವ ಅಧಿಕಾರವನ್ನು ಕಾಯ್ದೆಯ ಮೂಲಕ ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಸರ್ಕಾರವೂ ಏಪ್ರಿಲ್‌ನಲ್ಲಿ ಅದೇ ಕೋರ್ಟಿನ ಮೆಟ್ಟಿಲೇರಿತು. ಯೂನಿಯನ್ ಕಾರ್ಬೈಡ್ ಫೋರಂ ನಾನ್ ಕನ್ವೀನಿಯೆನ್ಸ್ ಸೂತ್ರವನ್ನು ಮುಂದಿಟ್ಟಿತು. ವ್ಯಾಜ್ಯ ನಡೆಸಲು ಬೇರೊಂದು ಸಮರ್ಥ ಕೋರ್ಟು ಇದ್ದು, ಅನುಕೂಲದ ತಕ್ಕಡಿ ಅತ್ತ ವಾಲಿದ್ದರೆ, ತನಗೆ ಅಧಿಕಾರವ್ಯಾಪ್ತಿ ಇದ್ದರೂ ಕೋರ್ಟು ದಾವೆಯನ್ನು ಕೈಬಿಡಬಹುದು ಎನ್ನುತ್ತದೆ ಆ ಸೂತ್ರ. ಅಮೆರಿಕದ ಸುಪ್ರೀಂ ಕೋರ್ಟ್ 1947ರ ಗಿಲ್ಬರ್ಟ್ ಪ್ರಕರಣದಲ್ಲಿ ಅದರ ಅಳತೆಗೋಲುಗಳನ್ನು ಹಾಕಿಕೊಟ್ಟಿತ್ತು. 1981ರ ಪೈಪರ್ ಪ್ರಕರಣದಲ್ಲಿ, ವಾದಿ ವಿದೇಶಿಯಾಗಿದ್ದರೆ ಅವನು ಆರಿಸಿಕೊಂಡ ಕೋರ್ಟಿಗೆ ಅಷ್ಟು ಮನ್ನಣೆ ಕೊಡಬೇಕಾಗಿಲ್ಲ ಎಂದೂ ಸೇರಿಸಿತ್ತು. ಭೋಪಾಲಿನವರು ಅರ್ಧ ಸೋತೇ ಆ ಕೋರ್ಟಿನ ಒಳಗೆ ಕಾಲಿಟ್ಟಿದ್ದರು.

ಉಳಿದರ್ಧ ಸೋಲಿನಲ್ಲಿ ವಾದಿಗಳ ಪಾಲೂ ಇದೆ. ಭಾರತದ ಕೋರ್ಟುಗಳು ಇಂಥ ಮೊಕದ್ದಮೆಗೆ ಸಾಲವು ಎಂದು ತೋರಿಸಲು ಭಾರತ ಸರ್ಕಾರ ಅಮೆರಿಕದ ವಿದ್ವಾಂಸ ಮಾರ್ಕ್ ಗ್ಯಾಲಂಟರ್ ಅವರ ಅಫಿಡವಿಟ್ಟನ್ನು ಸಲ್ಲಿಸಿತು. ವಿಳಂಬ, ಬೆಳೆಯದ ಹಾನಿ ಪರಿಹಾರ ಕಾನೂನು, ವಿಶೇಷ ಪರಿಣತಿಯಿಲ್ಲದ ವಕೀಲವರ್ಗ, ಗೆದ್ದರೆ ಮಾತ್ರ ಶುಲ್ಕ ಎಂಬ ಏರ್ಪಾಡಿಗೆ ಅವಕಾಶವಿಲ್ಲದಿರುವುದು, ಹೀಗೆ ಕೊರತೆಗಳ ಪಟ್ಟಿಯನ್ನೇ ಅದು ಕೊಟ್ಟಿತು. ಕಾರ್ಬೈಡ್ ಪರವಾಗಿ ಭಾರತದ ಹಿರಿಯ ವಕೀಲ ನಾನಿ ಪಾಲ್ಖಿವಾಲಾ ಅಫಿಡವಿಟ್ ಕೊಟ್ಟು ಭಾರತದ ನ್ಯಾಯಾಂಗಕ್ಕೆ ಈ ಕೆಲಸದ ಶಕ್ತಿ ಇದೆ ಎಂದರು. ಭಾರತ ಸರ್ಕಾರ ತನ್ನ ಕೋರ್ಟುಗಳನ್ನು ತಾನೇ ಹಳಿಯುವುದು, ಆಪಾದಿತ ಕಂಪನಿ ಅವುಗಳನ್ನು ಎತ್ತಿ ಹಿಡಿಯುವುದು: ಈ ತಲೆಕೆಳಗಿನ ನೋಟವನ್ನು ಕಂಡು ವ್ಯಂಗ್ಯವಾಡದ ಲೇಖಕರಿಲ್ಲ. ವ್ಯಂಗ್ಯದಾಚೆಗೆ ಹೋಗಿ, ಆ ಜಗಳದಿಂದ ಲಾಭವಾದದ್ದು ಯಾರಿಗೆ ಎಂದು ಕೇಳಿದವರು ಬೆರಳೆಣಿಕೆಯಷ್ಟು.

ಗ್ಯಾಲಂಟರ್ ಹೇಳಿದ್ದರಲ್ಲಿ ಬಹುಪಾಲು ನಿಜ. ಮುಂದಿನ ನಾಲ್ಕು ದಶಕಗಳು ಅದಕ್ಕೆ ಸಾಕ್ಷಿ ನುಡಿದಿವೆ ಎಂದು ಅವರ ಪಕ್ಷಪಾತಿಗಳು ಹೇಳುವುದೂ ಸರಿಯೇ. ಆದರೆ ಆ ಅಫಿಡವಿಟ್ ಮೊಕದ್ದಮೆಯ ಪ್ರಶ್ನೆಯನ್ನೇ ಬದಲಿಸಿಬಿಟ್ಟಿತು. ಮೂಲ ಕಂಪನಿಯ ದಾಖಲೆ, ಅದರ ಅಧಿಕಾರಿಗಳು, ಅದರ ಹಣ ಎಲ್ಲಿವೆ, ಅವನ್ನು ಮುಟ್ಟುವ ಕೈ ಯಾವ ಕೋರ್ಟಿಗಿದೆ ಎಂಬುದು ಪ್ರಶ್ನೆಯಾಗಬೇಕಿತ್ತು. ಅದರ ಬದಲು ಭಾರತದ ನ್ಯಾಯಾಧೀಶರು ಜಾಣರೋ ಅಲ್ಲವೋ ಎಂಬುದು ಪ್ರಶ್ನೆಯಾಯಿತು. ಅಂಥ ಪ್ರಶ್ನೆಗೆ ಸಭ್ಯನಾದ ಯಾವ ವಿದೇಶಿ ನ್ಯಾಯಾಧೀಶನೂ ‘ಅಲ್ಲ’ ಎಂದು ಬರೆಯಲಾರ. ಕೀನನ್ ಕೂಡ ಬರೆಯಲಿಲ್ಲ. ವಸಾಹತು ಆಳ್ವಿಕೆಯಿಂದ ಬಿಡುಗಡೆಯಾದ ದೇಶವೊಂದರ ನ್ಯಾಯಾಂಗದ ಮೇಲೆ ಹೊರಗಿನ ಮಾನದಂಡ ಹೇರುವುದು ಸಾಮ್ರಾಜ್ಯಶಾಹಿಯ ಇನ್ನೊಂದು ರೂಪವಾದೀತು, ಜಗತ್ತಿನೆದುರು ತಲೆಯೆತ್ತಿ ನಿಂತು ತನ್ನ ಜನರಿಗೆ ನ್ಯಾಯ ಕೊಡುವ ಅವಕಾಶವನ್ನು ಭಾರತದಿಂದ ಕಸಿಯಬಾರದು ಎಂಬ ಅರ್ಥದಲ್ಲಿ ಅವರು ತೀರ್ಪನ್ನು ಮುಗಿಸಿದರು. ಇದು ಕಪಟವೆನ್ನಲು ಆಧಾರವಿಲ್ಲ. 1985ರಲ್ಲೇ ಮಾನವೀಯತೆಯ ಹೆಸರಿನಲ್ಲಿ 50 ಲಕ್ಷ ಡಾಲರ್ ತುರ್ತು ನೆರವು ಕೊಡುವಂತೆ ಕಂಪನಿಯನ್ನು ಒತ್ತಾಯಿಸಿದ್ದವರೂ ಅವರೇ. ಕೊನೆಯ ಪ್ಯಾರಾ ಪ್ರಾಮಾಣಿಕವಾಗಿಯೇ ಇದೆ, ಆದರೆ ಯಾರೂ ಕೇಳಬಾರದಿದ್ದ ಪ್ರಶ್ನೆಗೆ ಕೊಟ್ಟ ಉತ್ತರ ಅದು.

ಷರತ್ತುಗಳ ಬೆಲೆ ತಿಳಿಯುವುದು ಇಲ್ಲಿ. ದಾವೆ ಕೈಬಿಡಲು ಕೀನನ್ ಕಂಪನಿಗೆ ಹಾಕಿದ ಮೊದಲ ಷರತ್ತು, ಅದು ಭಾರತದ ಕೋರ್ಟುಗಳ ಅಧಿಕಾರಕ್ಕೆ ಒಪ್ಪಬೇಕು ಮತ್ತು ಕಾಲಮಿತಿ ಮೀರಿತೆಂಬ ವಾದವನ್ನು ಬಿಡಬೇಕು. ಎರಡನೆಯದು, ಕನಿಷ್ಠ ನ್ಯಾಯಬದ್ಧ ವಿಚಾರಣೆಯ ಮಟ್ಟವನ್ನು ಮುಟ್ಟಿದ ಭಾರತೀಯ ತೀರ್ಪಿನ ಹಣವನ್ನು ಅದು ತೆರಬೇಕು. ಮೂರನೆಯದು, ವಾದಿಗಳು ಕೇಳಿದರೆ ಅಮೆರಿಕದ ಸಿವಿಲ್ ವಿಚಾರಣಾ ನಿಯಮಗಳ ಪ್ರಕಾರವೇ ತನ್ನ ದಾಖಲೆಗಳನ್ನು ಬಿಚ್ಚಿಡಬೇಕು. ಮೊದಲನೆಯದು ಪ್ರತಿವಾದಿಯನ್ನು ಕಟಕಟೆಗೆ ತರುತ್ತದೆ, ಎರಡನೆಯದು ಅವನ ಖಜಾನೆಯನ್ನು, ಮೂರನೆಯದು ಅವನ ಕಪಾಟನ್ನು. ಇವುಗಳಲ್ಲಿ ಮೂರನೆಯದೇ ಎಲ್ಲಕ್ಕಿಂತ ತೂಕದ್ದು. ಭೋಪಾಲ್ ಕಾರ್ಖಾನೆ ನಡೆಸುತ್ತಿದ್ದುದು ಯೂನಿಯನ್ ಕಾರ್ಬೈಡ್ ಇಂಡಿಯಾ ಲಿಮಿಟೆಡ್. ಅದರಲ್ಲಿ ಅಮೆರಿಕದ ಮೂಲ ಕಂಪನಿಯ ಪಾಲು ಶೇ 50.9. ಮೂಲ ಕಂಪನಿಯ ಮೇಲೆ ಹೊಣೆ ಹೊರಿಸಬೇಕಾದರೆ ವಿನ್ಯಾಸ ಯಾರದು, ಮೀಥೈಲ್ ಐಸೋಸಯನೇಟನ್ನು ದೊಡ್ಡ ಟ್ಯಾಂಕುಗಳಲ್ಲಿ ಕೂಡಿಡುವ ತೀರ್ಮಾನ ಯಾರದು, 1982ರಲ್ಲಿ ಅಮೆರಿಕದಿಂದ ಬಂದ ಸುರಕ್ಷತಾ ತಂಡದ ವರದಿಯನ್ನು ಯಾರು ಓದಿ ಏನು ಮಾಡಿದರು ಎಂಬುದನ್ನು ತೋರಿಸಬೇಕು. ಕಾರ್ಖಾನೆಯ ದಿನಚರಿ ಪುಸ್ತಕಗಳನ್ನು ಸಿಬಿಐ ವಶಪಡಿಸಿಕೊಂಡಿತ್ತು, ಅವು ಭಾರತದಲ್ಲಿದ್ದವು. ತೀರ್ಮಾನಗಳ ಕಡತಗಳಿಗೆ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯ ಮುಖ್ಯ ಕಚೇರಿಗೇ ಕೈಹಾಕಬೇಕಿತ್ತು. ಕೀನನ್‌ಗೆ ಇದು ಗೊತ್ತಿತ್ತು. ಷರತ್ತು ಹಾಕಿದ್ದು ಗೊತ್ತಿದ್ದುದರಿಂದಲೇ.

1987ರ ಜನವರಿ 14ರಂದು ಎರಡನೇ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ದಾವೆ ಕೈಬಿಟ್ಟಿದ್ದನ್ನು ಎತ್ತಿಹಿಡಿದು, ಎರಡನೆಯ ಮತ್ತು ಮೂರನೆಯ ಷರತ್ತುಗಳನ್ನು ತೆಗೆದುಹಾಕಿತು. ವಿದೇಶಿ ಹಣದ ತೀರ್ಪನ್ನು ಜಾರಿಗೊಳಿಸಲು ನ್ಯೂಯಾರ್ಕಿನ ಕಾನೂನಿನಲ್ಲಿ ಹೇಗೂ ದಾರಿಯಿದೆ, ಆದ್ದರಿಂದ ಎರಡನೆಯ ಷರತ್ತು ಬೇಕಿಲ್ಲ ಎಂದಿತು. ಈ ತರ್ಕವನ್ನು ಒಪ್ಪಬಹುದು. ಮೂರನೆಯದರ ಬಗ್ಗೆ ಅದು ಹೇಳಿದ್ದು ಸಮಾನತೆಯ ಮಾತು: ಒಂದೇ ಪಕ್ಷದ ಮೇಲೆ ಅಮೆರಿಕದ ನಿಯಮ ಹೇರಿ ಇನ್ನೊಂದನ್ನು ಭಾರತದ ನಿಯಮಕ್ಕೆ ಬಿಡುವುದು ಅನ್ಯಾಯ, ಇಬ್ಬರೂ ಒಪ್ಪಿಕೊಳ್ಳಲಿ, ಇಲ್ಲವಾದರೆ ಇಬ್ಬರಿಗೂ ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯೇ ಸಾಕು. ಸಾವಿರ ಕಡತಗಳ ಒಡೆಯನಿಗೂ ಕಡತವೇ ಇಲ್ಲದ ಗುಡಿಸಲುವಾಸಿಗೂ ಒಂದೇ ನಿಯಮ ಹಾಕಿ ಅದನ್ನು ಸಮಾನತೆ ಎಂದು ಕರೆದ ಈ ಭಾಗ ಇಡೀ ವ್ಯಾಜ್ಯದಲ್ಲಿ ಅತ್ಯಂತ ದುರ್ಬಲವಾದದ್ದು. ಅತ್ಯಂತ ಕಡಿಮೆ ಟೀಕೆಗೊಳಗಾದದ್ದೂ ಇದೇ. ಅದೇ ಮೇಲ್ಮನವಿಯಲ್ಲಿ ಕಾರ್ಬೈಡ್ ಇನ್ನೊಂದು ಬೇಡಿಕೆ ಇಟ್ಟಿತ್ತು: ಭಾರತದಲ್ಲಿ ವಿಚಾರಣೆ ನ್ಯಾಯವಾಗಿ ನಡೆಯುತ್ತಿದೆಯೇ ಎಂದು ಅಮೆರಿಕದ ಕೋರ್ಟು ಕಣ್ಣಿಟ್ಟಿರಬೇಕು. ಜಿಲ್ಲಾ ಕೋರ್ಟಿನಲ್ಲಿ ಭಾರತದ ನ್ಯಾಯಾಂಗದ ಸಾಮರ್ಥ್ಯವನ್ನು ಕೊಂಡಾಡಿದ್ದ ಕಂಪನಿ ಅದು. ಈ ಬೇಡಿಕೆಯನ್ನು ಕೋರ್ಟು ತಳ್ಳಿಹಾಕಿತು ಎಂಬುದು ನಿಜ. ಸಾಮ್ರಾಜ್ಯಶಾಹಿಯ ಬಗ್ಗೆ ಬರೆದ ಪ್ಯಾರಾವನ್ನು ಉಲ್ಲೇಖಿಸುವವರು ಈ ಬೇಡಿಕೆಯನ್ನೂ ಪಕ್ಕದಲ್ಲಿಟ್ಟು ಓದಿದರೆ ಗೌರವದ ಮಾತು ಯಾರ ಕೈಯಲ್ಲಿ ಏನಾಗುತ್ತದೆ ಎಂಬುದು ಕಾಣುತ್ತದೆ.

ಮೂಲ ತೀರ್ಪಿನ ಇನ್ನೊಂದು ದೋಷಕ್ಕೆ ಕೀನನ್ ಅವರೇ ಹೊಣೆ. ಸಾಕ್ಷ್ಯ ಎಲ್ಲಿದೆ ಎಂದು ತೂಗುವ ನೆಪದಲ್ಲಿ ಅವರು ಹೊಣೆ ಯಾರದು ಎಂಬುದನ್ನೂ ಅರ್ಧ ತೀರ್ಮಾನಿಸಿಬಿಟ್ಟರು. ಭಾರತೀಯ ಘಟಕದಲ್ಲಿ ಹಿಂದೆ ಉನ್ನತ ಹುದ್ದೆಯಲ್ಲಿದ್ದ ಎಡ್ವರ್ಡ್ ಮುನೋಜ್, ದೊಡ್ಡ ಪ್ರಮಾಣದ ದಾಸ್ತಾನಿಗೆ ಒತ್ತಾಯಿಸಿದ್ದು ಮೂಲ ಕಂಪನಿಯೇ ಎಂದು ಅಫಿಡವಿಟ್ ಕೊಟ್ಟಿದ್ದರು. ಕಂಪನಿ ಅದನ್ನು ಅಲ್ಲಗಳೆಯುವ ಅಫಿಡವಿಟ್‌ಗಳನ್ನು ಸಲ್ಲಿಸಿತು. ಪಾಟೀ ಸವಾಲಿಲ್ಲದೆ, ದಾಖಲೆ ಪೂರ್ತಿ ಹೊರಬರದೆ, ವಿವರವಾದ ವಿನ್ಯಾಸ ಮತ್ತು ನಿತ್ಯದ ನಿರ್ವಹಣೆ ಭಾರತೀಯ ಎಂಜಿನಿಯರುಗಳದೇ ಎಂಬ ಚಿತ್ರದ ಕಡೆಗೆ ತೀರ್ಪು ವಾಲಿತು. ವಿಚಾರಣೆಯ ಕೊನೆಯಲ್ಲಿ ಬರಬೇಕಾದ ಚಿತ್ರ ಹೊಸ್ತಿಲಲ್ಲೇ ಬರೆಯಲ್ಪಟ್ಟಿತು.

ತೀರ್ಪಿನ ಸಮರ್ಥಕರು ಇಲ್ಲೊಂದು ಗಟ್ಟಿ ವಾದ ಹೂಡುತ್ತಾರೆ. ಭಾರತಕ್ಕೆ ಅವಕಾಶ ಸಿಕ್ಕಿತ್ತು, ಕೆಡಿಸಿದ್ದು ಭಾರತದ ಸುಪ್ರೀಂ ಕೋರ್ಟೇ ಎಂಬುದು ಅದು. 1987ರ ಡಿಸೆಂಬರ್‌ನಲ್ಲಿ ಭೋಪಾಲಿನ ಜಿಲ್ಲಾ ನ್ಯಾಯಾಧೀಶ ಎಂ.ಡಬ್ಲ್ಯು. ದೇವ್ 350 ಕೋಟಿ ರೂಪಾಯಿ ಮಧ್ಯಂತರ ಪರಿಹಾರಕ್ಕೆ ಆದೇಶಿಸಿದರು. ಮರುವರ್ಷ ಹೈಕೋರ್ಟ್ ಅದನ್ನು 250 ಕೋಟಿಗೆ ಇಳಿಸಿತು. ಕಂಪನಿ ಎರಡನ್ನೂ ವಿರೋಧಿಸಿತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿದ್ದಾಗ, 1989ರ ಫೆಬ್ರವರಿ 14ರಂದು, 330 ಕೋಟಿ ಡಾಲರ್ ಕೇಳಿದ್ದ ದಾವೆ 47 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. ಕಾರಣಗಳನ್ನು ಕೋರ್ಟು ಬರೆದದ್ದು ಮೇ ತಿಂಗಳಿನಲ್ಲಿ. ಸುಮಾರು 3,000 ಸಾವು ಎಂಬ ಲೆಕ್ಕದ ಮೇಲೆ ನಿಂತ ಆ ರಾಜಿಯಿಂದ ಮುಂದೆ ಪರಿಹಾರ ಪಡೆದ ಸಾವುಗಳೇ 5,000 ದಾಟಿದವು. 1991ರ ಪುನರ್‌ಪರಿಶೀಲನೆಯ ಬಹುಮತದ ತೀರ್ಪನ್ನು ಬರೆದವರು ಕರ್ನಾಟಕ ಹೈಕೋರ್ಟಿನಿಂದ ಹೋಗಿದ್ದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ. ರಾಜಿಯೊಂದಿಗೆ ರದ್ದಾಗಿದ್ದ ಕ್ರಿಮಿನಲ್ ಮೊಕದ್ದಮೆಗಳನ್ನು ಅದು ಮತ್ತೆ ಜೀವಂತಗೊಳಿಸಿತು, ರಾಜಿಯ ಮೊತ್ತವನ್ನು ಮುಟ್ಟಲಿಲ್ಲ. ಹಣ ಸಾಲದಿದ್ದರೆ ಕೇಂದ್ರ ಸರ್ಕಾರ ತುಂಬಲಿ ಎಂದಿತು. ಅಷ್ಟಕ್ಕೆ ಮಾತ್ರ ನ್ಯಾಯಮೂರ್ತಿ ಅಹ್ಮದಿ ಭಿನ್ನಮತ ಬರೆದರು: ತಪ್ಪು ಮಾಡಿದವರ ಕೊರತೆಯನ್ನು ತೆರಿಗೆದಾರ ಏಕೆ ತುಂಬಬೇಕು?

ಸಮರ್ಥಕರ ಈ ವಾದದಲ್ಲಿ ಸತ್ಯವಿದೆ, ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಪಾಯಕಾರಿ ಉದ್ಯಮಕ್ಕೆ ಸಂಪೂರ್ಣ ಹೊಣೆಯ ಸೂತ್ರವನ್ನು ರೂಪಿಸಿದ್ದು 1986ರ ಡಿಸೆಂಬರ್‌ನಲ್ಲಿ. ಜಗತ್ತಿನಲ್ಲೇ ಕಟುವಾದ ಸೂತ್ರಗಳಲ್ಲಿ ಅದೊಂದು. ಎಂದರೆ ಕೊರತೆ ಇದ್ದದ್ದು ಕಾನೂನಿನ ಪಾಂಡಿತ್ಯದಲ್ಲಿ ಅಲ್ಲ. ಮೂಲ ಕಂಪನಿಯ ಆಸ್ತಿಯ ಬಹುಪಾಲು ಹೊರಗೆ, ದಾಖಲೆ ಹೊರಗೆ, ಅಧ್ಯಕ್ಷ ವಾರೆನ್ ಆಂಡರ್ಸನ್ ಜಾಮೀನು ಪಡೆದು ಹೊರಗೆ. ಗೆದ್ದ ತೀರ್ಪನ್ನೂ ಕೊನೆಗೆ ನ್ಯೂಯಾರ್ಕಿಗೇ ಹೊತ್ತೊಯ್ದು ಅಲ್ಲಿ ಮತ್ತೆ ಗೆಲ್ಲಬೇಕಾದ ಸ್ಥಿತಿಯಲ್ಲಿ ರಾಜಿಯ ಮೇಜಿನ ಮುಂದೆ ಕೂತವನ ಕೈ ಎಷ್ಟು ಬಲವಾಗಿರಲು ಸಾಧ್ಯ? 1989ರ ಮೊತ್ತ ನಾಚಿಕೆಗೇಡು ಎನ್ನುವವರು ಅದಕ್ಕೆ ಎರಡು ವರ್ಷ ಮೊದಲು ಕಳಚಿಹೋದ ಎರಡು ಷರತ್ತುಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರಿಯಾದ ಪ್ರಶ್ನೆ ಕೇಳಿದರೆ ಉತ್ತರ ಹೇಗಿರುತ್ತದೆ ಎಂಬುದಕ್ಕೆ 2019ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ವೇದಾಂತ ಪ್ರಕರಣದಲ್ಲಿ ಕೊಟ್ಟ ತೀರ್ಪು ನಿದರ್ಶನ. ಜಾಂಬಿಯಾದ ಚಿಂಗೋಲ ಬಳಿಯ ತಾಮ್ರದ ಗಣಿಯಿಂದ ನೀರು ಕೆಟ್ಟಿತೆಂದು 1,826 ಹಳ್ಳಿಗರು ಹೂಡಿದ ದಾವೆ ಅದು. ವ್ಯಾಜ್ಯಕ್ಕೆ ಸಹಜ ಸ್ಥಳ ಜಾಂಬಿಯಾವೇ ಎಂದು ಲಾರ್ಡ್ ಬ್ರಿಗ್ಸ್ ಒಪ್ಪಿದರು. ಆದರೂ ದಾವೆಯನ್ನು ಇಂಗ್ಲೆಂಡಿನಲ್ಲೇ ಉಳಿಸಿಕೊಂಡರು. ಜಾಂಬಿಯಾದ ನ್ಯಾಯಾಧೀಶರ ಯೋಗ್ಯತೆಯನ್ನು ಅವರು ಪ್ರಶ್ನಿಸಲಿಲ್ಲ. ಗೆದ್ದರೆ ಶುಲ್ಕ ಎಂಬ ಏರ್ಪಾಡಿಗೆ ಅಲ್ಲಿ ಅನುಮತಿಯಿಲ್ಲ, ಇಷ್ಟು ದೊಡ್ಡ ಮೊಕದ್ದಮೆಯನ್ನು ಹೊರುವ ಹಣ ಮತ್ತು ಅನುಭವವುಳ್ಳ ವಕೀಲರ ತಂಡವಿಲ್ಲ ಎಂಬುದಷ್ಟೇ ಕಾರಣ. ಗ್ಯಾಲಂಟರ್ ಪಟ್ಟಿಯ ಅದೇ ಅಂಶಗಳು ಮೂವತ್ಮೂರು ವರ್ಷಗಳ ಬಳಿಕ, ಯಾರ ಮಾನಕ್ಕೂ ಕುಂದಿಲ್ಲದೆ, ಗೆದ್ದವು. ಮೂಲ ಕಂಪನಿ ಅಂಗಸಂಸ್ಥೆಯ ಪರಿಸರ ನೀತಿಯನ್ನು ತಾನೇ ನೋಡಿಕೊಳ್ಳುತ್ತೇನೆಂದು ಪ್ರಕಟಿಸಿಕೊಂಡರೆ ಆ ಮಾತೇ ಅದರ ಹೊಣೆಗೆ ಆಧಾರವಾಗಬಹುದು ಎಂದೂ ಆ ತೀರ್ಪು ಹೇಳಿತು. ಆ ದಾವೆಯೂ ಹೊಣೆ ಒಪ್ಪದ ರಾಜಿಯಲ್ಲೇ ಮುಗಿದದ್ದರಿಂದ ಅದನ್ನು ಹೊಸ ಯುಗವೆಂದು ಕರೆಯುವುದು ಅವಸರ.

ಕೀನನ್ ಮುಂದೆ ಭೋಪಾಲ್ ಮತ್ತೊಮ್ಮೆ ಬಂತು. ಈ ಸಲ ಅನಿಲವಲ್ಲ, ಕಾರ್ಖಾನೆಯ ತ್ಯಾಜ್ಯದಿಂದ ಕೆಟ್ಟ ಮಣ್ಣು ಮತ್ತು ಅಂತರ್ಜಲ. 2012 ಮತ್ತು 2014ರಲ್ಲಿ ಅವರು ಮೂಲ ಕಂಪನಿಯನ್ನು ಹೊಣೆಯಿಂದ ಬಿಡುಗಡೆ ಮಾಡಿದರು. ಎರಡೂ ಸಲ ಮೇಲ್ಮನವಿ ನ್ಯಾಯಾಲಯ ಎತ್ತಿಹಿಡಿಯಿತು. ಆಗ ಕೋರ್ಟಿನ ಸ್ಥಳದ ಪ್ರಶ್ನೆ ಏಳಲಿಲ್ಲ, ಅಂಗಸಂಸ್ಥೆಯ ತೀರ್ಮಾನಗಳು ಅಂಗಸಂಸ್ಥೆಯವೇ ಎಂಬ 1986ರ ಚಿತ್ರವೇ ತೀರ್ಪಾಗಿ ಹೊರಬಿತ್ತು. ರಾಜಿಯ ಮೊತ್ತ ಹೆಚ್ಚಿಸಲು ಕೇಂದ್ರ ಸರ್ಕಾರ 2010ರಲ್ಲಿ ಸಲ್ಲಿಸಿದ ಕ್ಯುರೇಟಿವ್ ಅರ್ಜಿಯನ್ನು ಸುಪ್ರೀಂ ಕೋರ್ಟಿನ ಐವರ ಪೀಠ 2023ರ ಮಾರ್ಚ್ 14ರಂದು ವಜಾ ಮಾಡಿತು. ಕಾರ್ಖಾನೆಯ ಆವರಣದಲ್ಲಿ ತುಂಬಿಟ್ಟಿದ್ದ ಸುಮಾರು 337 ಟನ್ ತ್ಯಾಜ್ಯವನ್ನು 2025ರ ಜನವರಿಯಲ್ಲಿ ಪೀಥಂಪುರಕ್ಕೆ ಸಾಗಿಸಿ, ಅದೇ ವರ್ಷ ಸರ್ಕಾರದ ಹಣದಲ್ಲಿ ಸುಡಲಾಯಿತು. ಮಣ್ಣು ಮತ್ತು ಅಂತರ್ಜಲದ ಶುದ್ಧೀಕರಣ ಆ ಲೆಕ್ಕದಲ್ಲಿ ಸೇರಿಲ್ಲ.