ಬಾಳಿಕೆ ಬರುವ ಬಟ್ಟೆ, ಬಾಳಿಕೆ ಬರದ ಲಾಭ

ಪುಸ್ತಕ ಮೌಲ್ಯಕ್ಕಿಂತ, ಅಂದರೆ ಸಾಲ ಕಳೆದು ಉಳಿಯುವ ಆಸ್ತಿಯ ಲೆಕ್ಕಕ್ಕಿಂತ, ಅಗ್ಗವಾಗಿ ಸಿಕ್ಕರೆ ಡುಲುತ್ ಹೋಲ್ಡಿಂಗ್ಸ್ ಷೇರನ್ನು ಕೊಳ್ಳಬಹುದೇ ಎಂಬುದು ಈ ವಾರ ಎತ್ತಿಕೊಂಡ ಪ್ರಶ್ನೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮೌಂಟ್ ಹೊರೆಬ್‌ನಲ್ಲಿ ನೆಲೆಯಿರುವ ಈ ಕಂಪನಿ, ಮೈಮುರಿದು ದುಡಿಯುವವರಿಗೆ ಅಂಗಿ, ಪ್ಯಾಂಟು, ಒಳಉಡುಪು ಮಾರುತ್ತದೆ. 2015ರ ನವೆಂಬರಿನಲ್ಲಿ 12 ಡಾಲರಿಗೆ ಪೇಟೆಗೆ ಬಂದ ಷೇರು ಮೂರು ವರ್ಷದಲ್ಲಿ ಎರಡು ಪಟ್ಟು ಮೀರಿತು. 2025ರ ಏಪ್ರಿಲ್ ಹೊತ್ತಿಗೆ 2 ಡಾಲರಿನ ಆಸುಪಾಸಿಗೆ ಕುಸಿಯಿತು. ಆದರೆ ಬೆಲೆಗಿಂತ ಮೊದಲು ನೋಡಬೇಕಾದದ್ದು ಸರಕನ್ನು. ಬಗ್ಗಿದಾಗ ಬೆನ್ನು ಕಾಣದಂತೆ ಉದ್ದವಾಗಿ ಹೊಲಿದ ಟೀ ಶರ್ಟು, ದಪ್ಪ ಕ್ಯಾನ್ವಾಸಿನ ಪ್ಯಾಂಟು ನಿಜಕ್ಕೂ ಒಳ್ಳೆಯ ಸರಕು. ಹರಿಯದಿರುವುದೇ ಅವುಗಳ ಗುಣ. ಹರಿಯದ ಪ್ಯಾಂಟು ಕೊಂಡವನು ಬೇಗ ಮತ್ತೆ ಅಂಗಡಿಗೆ ಬರುವುದಿಲ್ಲ. ಹಾಗಾಗಿ ಇಲ್ಲಿ ವ್ಯಾಪಾರ ಬೆಳೆಯಬೇಕಾದರೆ ಹೊಸ ಗಿರಾಕಿಯನ್ನು ಹುಡುಕುತ್ತಲೇ ಇರಬೇಕು. ಜಾಹೀರಾತಿಗೆ, ಹೊಸ ಮಳಿಗೆಗೆ ದುಡ್ಡು ಸುರಿಯಬೇಕು. ಮಾರಾಟ ಕುಗ್ಗಿದರೂ ಮಳಿಗೆಯ ಬಾಡಿಗೆ ಕುಗ್ಗುವುದಿಲ್ಲ.

ಬ್ರ್ಯಾಂಡಿನ ಕಥೆಗೆ ಮಾರುಹೋಗುವ ವಿಶ್ಲೇಷಕರೊಡನೆ ಈ ಅಂಕಣದ ತಕರಾರು ಹಳೆಯದು. ನಿಷ್ಠಾವಂತ ಗಿರಾಕಿಗಳಿದ್ದರೆ ಲಾಭ ತಾನಾಗಿ ಬರುತ್ತದೆ ಎಂಬುದು ಅವರ ವಾದ. ಇದೇ ಕಂಪನಿಯ ಮಾರಾಟ 2015ರ ಸುಮಾರು 30 ಕೋಟಿ ಡಾಲರಿನಿಂದ 2021ರಲ್ಲಿ ಸುಮಾರು 70 ಕೋಟಿಗೆ ಏರಿತು. 2024ರ ಹಣಕಾಸು ವರ್ಷದಲ್ಲಿ ಅದು ಸುಮಾರು 63 ಕೋಟಿಗೆ ಇಳಿಯಿತು, ನಷ್ಟ 4 ಕೋಟಿ ದಾಟಿತು. ನಿಷ್ಠೆ ಉಳಿದಿದ್ದರೂ ಅದು ಲಾಭವಾಗಿ ಮಾರ್ಪಡಲಿಲ್ಲ. ಹಾಗಾದರೆ ಮಳಿಗೆ ಹೆಚ್ಚಿಸುತ್ತಲೇ ಬೆಳೆದ ಅಮೆರಿಕದ ಬೂಟು-ಬಟ್ಟೆ ಮಾರಾಟ ಸರಣಿ ಬೂಟ್ ಬಾರ್ನ್ ಹೇಗೆ ಗೆದ್ದಿತು ಎಂದು ಕೇಳಬಹುದು. ಅಲ್ಲಿ ವೆಸ್ಟರ್ನ್ ಶೈಲಿಯ ಒಲವಿನ ಪಾಲೂ ಇದೆ, ನಿಜ. ಆದರೆ ಅದರ ಮುಖ್ಯ ಸರಕು ಬೂಟು. ಬೂಟಿನ ಅಟ್ಟೆ ಸವೆಯುತ್ತದೆ. ಅನೇಕ ಕೆಲಸದ ಜಾಗಗಳಲ್ಲಿ ಸುರಕ್ಷಾ ಪಾದರಕ್ಷೆ ಕಡ್ಡಾಯ. ಮರುಖರೀದಿಯನ್ನು ಜಾಹೀರಾತು ಹುಟ್ಟಿಸಬೇಕಿಲ್ಲ, ಕೆಲಸವೇ ಹುಟ್ಟಿಸುತ್ತದೆ.

ಮೌಲ್ಯ ಹೂಡಿಕೆಯ ಗುರು ಬೆಂಜಮಿನ್ ಗ್ರಹಾಂ ಅನುಯಾಯಿಗಳ ಆಕ್ಷೇಪಣೆ ಇದಕ್ಕಿಂತ ಬಲವಾದದ್ದು: ಆಸ್ತಿಗಿಂತ ಕಡಿಮೆ ಬೆಲೆಗೆ ಸಿಕ್ಕರೆ ವ್ಯಾಪಾರ ಸಾಧಾರಣವಾಗಿದ್ದರೂ ನಷ್ಟವಿಲ್ಲ; ಅದರಲ್ಲೂ ಕೆಲಸದ ಬಟ್ಟೆ ಫ್ಯಾಷನ್ ಬಟ್ಟೆಯಂತೆ ಋತು ಮುಗಿದೊಡನೆ ಹಳತಾಗುವುದಿಲ್ಲ. ಈ ಮಾತಿನಲ್ಲಿ ತೂಕವಿದೆ. ಆದರೆ ಇಲ್ಲಿ ಆಸ್ತಿಯ ದೊಡ್ಡ ಪಾಲು ದಾಸ್ತಾನು. ಮಾರಾಟ ಇಳಿದ ಆ ವರ್ಷದಲ್ಲೇ ದಾಸ್ತಾನು ಸುಮಾರು 12.6 ಕೋಟಿ ಡಾಲರಿನಿಂದ 16.6 ಕೋಟಿಗೆ ಏರಿತ್ತು. ಬಟ್ಟೆ ಕೆಡದಿರಬಹುದು, ಬೇಡಿಕೆಯಿಲ್ಲದ ಅಳತೆ ಮತ್ತು ಬಣ್ಣಗಳು ಮಾತ್ರ ಉಳಿದುಬಿಡುತ್ತವೆ. ಅವನ್ನು ಕರಗಿಸಲು ರಿಯಾಯಿತಿ ಕೊಡಬೇಕು; ರಿಯಾಯಿತಿಗೆ ಒಗ್ಗಿದ ಗಿರಾಕಿ ಪೂರ್ಣ ಬೆಲೆ ತೆರಲು ಹಿಂಜರಿಯುತ್ತಾನೆ. ಜೊತೆಗೆ, ಹತ್ತು ಮತಗಳ ತೂಕವುಳ್ಳ ‘ಎ’ ವರ್ಗದ ಷೇರುಗಳು ಕಂಪನಿಯ ಸ್ಥಾಪಕ ಸ್ಟೀಫನ್ ಶ್ಲೆಕ್ಟ್ ಕೈಯಲ್ಲಿರುವುದರಿಂದ, ಹೊರಗಿನ ಹೂಡಿಕೆದಾರರು ಒತ್ತಡ ಹೇರಿ ಆ ಮೌಲ್ಯವನ್ನು ಹೊರತೆಗೆಯುವುದೂ ಸುಲಭವಲ್ಲ. ಹಾಗಾಗಿ ಅಗ್ಗದ ಬೆಲೆಯೊಂದೇ ಕೊಳ್ಳಲು ಕಾರಣವಾಗದು. ಸತತ ನಾಲ್ಕು ತ್ರೈಮಾಸಿಕ ದಾಸ್ತಾನು ಇಳಿದು, ಒಟ್ಟು ಲಾಭದ ಪ್ರಮಾಣ ಏರಿ, ಸಾಲವಿಲ್ಲದೆ ನಗದು ಉಳಿದರೆ ಆಗ ಕೊಳ್ಳಬಹುದು. ಅಷ್ಟರಲ್ಲಿ ಬೆಲೆ ಒಂದಿಷ್ಟು ಏರಿದ್ದರೆ, ಆ ಹೆಚ್ಚಿನ ಹಣ ಖಾತ್ರಿಗಾಗಿ ತೆತ್ತದ್ದು.