‘ಹದ’ ಎಂದರೆ ಎಷ್ಟು?

ಕಳೆದ ಮಳೆಗಾಲದಲ್ಲಿ ಅಮ್ಮ ಹಿತ್ತಿಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡಳು. ನಾನು ಮೈಸೂರಿನಲ್ಲಿ. 61 ವರ್ಷಗಳಲ್ಲಿ ಒಮ್ಮೆಯೂ ಕಾಫಿ ಕೂಡ ಕಾಸದ ಅಪ್ಪ ಒಲೆಯ ಮುಂದೆ ನಿಲ್ಲಬೇಕಾಯಿತು. “ಸಾರು ಮಾಡೋದನ್ನ ನೀಟಾಗಿ ಬರೆದು ಕಳಿಸು ಕಣಮ್ಮ, ಪಿಎಚ್.ಡಿ. ಮಾಡ್ತಿದೀಯಲ್ಲ” ಎಂದರು. ಬರೆದು ಕಳಿಸಿದೆ. ಅಪ್ಪ ಅದನ್ನು ತಮ್ಮ ಡೈರಿಗೆ ಇಳಿಸಿಕೊಂಡು, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆಗಳನ್ನು ಬರೆದು, ಪುಟದ ಫೋಟೊ ವಾಪಸು ಕಳಿಸಿದರು. ‘ಹದವಾಗಿ’ ಎಂದರೆ ಎಷ್ಟು? ‘ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು’ ಎಂದರೆ ಬೆಟ್ಟದ ನೆಲ್ಲಿಯೋ, ಸಣ್ಣ ನೆಲ್ಲಿಯೋ? ‘ಒಂದು ಕುದಿ’ಯನ್ನು ಎಣಿಸುವುದು ಹೇಗೆ?

ನನ್ನ ಯಾವ ಸೆಮಿನಾರಿನಲ್ಲೂ ಯಾರೂ ಪಠ್ಯವೊಂದನ್ನು ಇಷ್ಟು ಗಟ್ಟಿಯಾಗಿ ಹಿಡಿದು ಕೇಳಿದ್ದಿಲ್ಲ. ಅಲ್ಲಿಂದ ನಾನು ‘ಹೊಸಬರಿಗಾಗಿ ಸುಲಭ ಅಡುಗೆ’ ಎಂಬ ಬರವಣಿಗೆಯನ್ನು ಅಪ್ಪನ ಕಣ್ಣಿನಿಂದ ಓದಲು ಶುರುಮಾಡಿದೆ. ಹೊಸಬರಿಗೆ ಎಂದು ಹೇಳಿಕೊಳ್ಳುವ ಈ ಬರಹಗಳಲ್ಲಿ ಹೆಚ್ಚಿನವು ಹೊಸಬರಿಗೆ ಬರೆದವಲ್ಲ. ಇಡ್ಲಿ ಹಿಟ್ಟು ದೋಸೆ ಹಿಟ್ಟಿಗಿಂತ ಗಟ್ಟಿಯಾಗಿರಲಿ ಎನ್ನುತ್ತವೆ. ದೋಸೆಯ ಪುಟಕ್ಕೆ ಹೋದರೆ, ಇಡ್ಲಿ ಹಿಟ್ಟಿಗಿಂತ ತೆಳ್ಳಗಿರಲಿ ಎಂದಿರುತ್ತದೆ. ಕಮಲಕ್ಕೆ ತಾವರೆ ನೋಡಿ, ತಾವರೆಗೆ ಕಮಲ ನೋಡಿ ಎನ್ನುವ ನಿಘಂಟಿನ ಹಾಗೆ. ಎರಡರಲ್ಲಿ ಒಂದನ್ನಾದರೂ ಕೈಯಲ್ಲಿ ಕಲಸಿದವರಿಗೆ ಮಾತ್ರ ಈ ವಾಕ್ಯಗಳು ಅರ್ಥ ಕೊಡುತ್ತವೆ.

ಹಾಗಂತ ಎಲ್ಲವನ್ನೂ ಟೀಚಮಚಕ್ಕೆ ಇಳಿಸಿಬಿಡಿ ಎಂದು ನಾನು ಹೇಳುತ್ತಿಲ್ಲ. ಹೊಸ ಹುಣಸೆಯ ಹುಳಿಯೇ ಬೇರೆ, ಹಳೆಯದರದ್ದೇ ಬೇರೆ; ಅಲ್ಲಿ ಗ್ರಾಂ ಲೆಕ್ಕ ಸುಳ್ಳು ಹೇಳುತ್ತದೆ, ‘ರುಚಿಗೆ ತಕ್ಕಷ್ಟು’ ಎಂಬುದು ಪ್ರಾಮಾಣಿಕವಾಗಿರುತ್ತದೆ. ಇನ್ನು ಕನ್ನಡದ ಅಡುಗೆ ಮಾತು ಹೊತ್ತನ್ನು ಅಳೆಯುವ ಬಗೆ ನೋಡಿ. ಸಾಸಿವೆ ಸಿಡಿಯುವುದು ನಿಂತ ಮೇಲೆ, ಹುಣಸೆಯ ಹಸಿ ವಾಸನೆ ಹೋಗುವ ತನಕ, ಈರುಳ್ಳಿಯ ಬಿಳುಪು ಮಾಯವಾದಾಗ. ಒಂದು ಸದ್ದು, ಒಂದು ವಾಸನೆ, ಒಂದು ಬಣ್ಣ ಇಲ್ಲವಾಗುವುದೇ ಇಲ್ಲಿ ಗಡಿಯಾರ. ಒಲೆಯ ಉರಿ, ಪಾತ್ರೆಯ ದಪ್ಪ ಬದಲಾದರೂ ಈ ಗುರುತುಗಳು ಕೈಕೊಡುವುದಿಲ್ಲ. ‘ಐದು ನಿಮಿಷ ಹುರಿಯಿರಿ’ ಕೈಕೊಡುತ್ತದೆ.

ಕೈಕೊಟ್ಟದ್ದು ನನ್ನ ಬರಹ. ಕುಕ್ಕರಿನ ಸೀಟಿಗೆ ಹೆದರುವ ಅಪ್ಪ ಪಾತ್ರೆಯಲ್ಲೇ ಬೇಳೆ ಇಟ್ಟು, ಕೆಲಸ ಬೇಗ ಮುಗಿಯಲಿ ಎಂದು ಹುಣಸೆ ರಸವನ್ನೂ ಆಗಲೇ ಸುರಿದಿದ್ದರು. ಒಂದೂವರೆ ಗಂಟೆಯಾದರೂ ಬೇಳೆ ಬೇಯಲಿಲ್ಲ. ಫೋನಿನ ಹಿಂದಿನಿಂದ ಅಮ್ಮನ ದನಿ ಕೇಳಿತು: “ಹುಳಿ ಬಿದ್ಮೇಲೆ ಬೇಳೆ ಬೇಯುತ್ತೇನ್ರೀ? ಅಷ್ಟೂ ಗೊತ್ತಿಲ್ವಾ ನಿಮ್ಗೆ?” ನನ್ನ ಬರಹದಲ್ಲಿ ‘ಬೇಳೆ ಬೆಂದ ಮೇಲೆ ಹುಣಸೆ ರಸ ಹಾಕಿ’ ಎಂದಿತ್ತು. ಹುಳಿ ಇದ್ದರೆ ಬೇಳೆ ಮೆತ್ತಗಾಗುವುದು ತಡವಾಗುತ್ತದೆ ಎಂಬ ಕಾರಣ ಇರಲಿಲ್ಲ. ಕಾರಣ ತಿಳಿಯದವರಿಗೆ ಮೊದಲು-ಆಮೇಲೆ ಎಂಬುದು ಬರೀ ಶಿಸ್ತಿನಂತೆ ಕಾಣುತ್ತದೆ, ಮುರಿದರೆ ಏನಾದೀತು ಅನಿಸುತ್ತದೆ.

‘ಅಷ್ಟೂ ಗೊತ್ತಿಲ್ವಾ’ ಎಂಬ ಮಾತು ಎಲ್ಲ ಪಾಕವಿಧಾನಗಳ ಸಾಲುಗಳ ನಡುವೆ ಅಡಗಿ ಕೂತಿದೆ. ಅಪ್ಪನಿಗೆ ಅದು ತಮಾಷೆಯಾಗಿ ಮುಗಿಯಿತು. ಅದೇ ಬೇಳೆ ನನ್ನ ಕೈಯಲ್ಲಿ ಬೇಯದಿದ್ದರೆ ಅದು ನನ್ನ ನಡತೆಯ ಪ್ರಶ್ನೆಯಾಗುತ್ತಿತ್ತು. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ಪ್ರಕಟಿಸಿದ ‘ಸಮೈತ್ತುಪ್ಪಾರ್’ ಮದುಮಗಳಿಗೆ ಕೊಡುವ ಉಡುಗೊರೆಯಾಗಿ ಮನೆಮಾತಾಯಿತು. ಮದುಮಗನಿಗೆ ಯಾರೂ ಕೊಟ್ಟಂತಿಲ್ಲ. ಹೆಣ್ಣಿಗೆ ಕಲಿಯದೆಯೇ ಬರಬೇಕು, ಗಂಡಿಗೆ ಕಲಿತರೂ ಬರಬೇಕಾಗಿಲ್ಲ. ಹಾಗಾಗಿ ನಿಜವಾದ ‘ಹೊಸಬ’ ಓದುಗನನ್ನು ಈ ಬರವಣಿಗೆ ಕಲ್ಪಿಸಿಕೊಳ್ಳುವ ಪ್ರಸಂಗವೇ ಬರಲಿಲ್ಲವೇನೋ.

ಸಾಹಿತ್ಯದ ವಿದ್ಯಾರ್ಥಿಗಳಾದ ನಾವೂ ಇದನ್ನು ಬರವಣಿಗೆ ಎಂದು ಓದಲಿಲ್ಲ. ಚಾವುಂಡರಾಯನ ‘ಲೋಕೋಪಕಾರ’ದಲ್ಲಿ (ಕ್ರಿ.ಶ. 1025) ಅಡುಗೆಗೆ ಜಾಗವಿದೆ; ಮಂಗರಸ 16ನೇ ಶತಮಾನದ ಆರಂಭದಲ್ಲಿ ‘ಸೂಪಶಾಸ್ತ್ರ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಇನ್ನೂ ನಮ್ಮ ಅಡುಗೆಮನೆಗೆ ಬಂದಿರದ ಕಾಲ. ಇವನ್ನು ಛಂದಸ್ಸಿಗಾಗಿ, ಪದಕೋಶಕ್ಕಾಗಿ ಓದುತ್ತೇವೆ. ಪತ್ರಿಕೆಯ ಕೊನೆಯ ಪುಟದ ಉಪ್ಪಿಟ್ಟನ್ನು ಮಾತ್ರ ಮಗುಚಿ ಹಾಕುತ್ತೇವೆ.

ಮುದ್ರಿತ ಪುಟ ‘ಹಾಕಬೇಕು’ ಎಂದರೆ, ಯೂಟ್ಯೂಬಿನ ಅಕ್ಕಂದಿರು ‘ಈಗ ನಾನು ಹಾಕ್ಕೊಳ್ತಾ ಇದೀನಿ’ ಎನ್ನುತ್ತಾರೆ. ಆಜ್ಞೆಯ ಜಾಗದಲ್ಲಿ ಜೊತೆಗಾರಿಕೆ. ‘ನೋಡಿ, ಇಷ್ಟು ತೆಳ್ಳಗಿದ್ರೆ ಸಾಕು’ ಎಂದು ಸೌಟೆತ್ತಿ ಸುರಿದು ತೋರಿಸುವಾಗ ‘ಹದ’ಕ್ಕೆ ಮೊದಲ ಸಲ ಕಣ್ಣು ಬಂದಿದೆ. ಹಿನ್ನೆಲೆ ಸಂಗೀತವೊಂದನ್ನು ಸಹಿಸಿಕೊಳ್ಳಬೇಕು, ಅಷ್ಟೇ.

ನಾನು ಎರಡನೇ ಸಲ ಬರೆದದ್ದು ಹೀಗಿತ್ತು: ಅರ್ಧ ಲೋಟ ತೊಗರಿಬೇಳೆ, ಮೂರು ಲೋಟ ನೀರು, ಚಿಟಿಕೆ ಅರಿಸಿನ, ನೊರೆ ಉಕ್ಕದಿರಲು ಎರಡು ಹನಿ ಎಣ್ಣೆ. ನೀರು ಇಂಗಿದರೆ ಬಿಸಿನೀರು ಸೇರಿಸಿ. ಒಂದು ಕಾಳನ್ನು ಬೆರಳಲ್ಲಿ ಹಿಚುಕಿದರೆ ಪೂರ್ತಿ ಅರೆಯಬೇಕು. ಅಲ್ಲಿವರೆಗೆ ಹುಳಿ ತೋರಿಸಬೇಡಿ. ಹುಣಸೆ ರಸ, ಉಪ್ಪು, ಸಾರಿನ ಪುಡಿ ಬೇರೆ ಪಾತ್ರೆಯಲ್ಲಿ ಕುದಿಯಲಿ. ಮೂಗು ಚುಚ್ಚುವ ವಾಸನೆ ಹೋದ ಮೇಲೆ ಬೇಳೆ ಬೆರೆಸಿ. ನೊರೆ ಅಂಚಿನಿಂದ ಎದ್ದು ನಡುವಿಗೆ ಬಂದಾಗ ಇಳಿಸಿ. ‘ಒಂದು ಕುದಿ’ ಎಂದರೆ ಅದೇ. ಆಮೇಲೆ ಒಗ್ಗರಣೆ.

ಅಮ್ಮನ ಕೈ ಕೂಡಿಕೊಂಡಿದೆ. ಭಾನುವಾರದ ಸಾರು ಮಾತ್ರ ಈಗಲೂ ಅಪ್ಪನದೇ. ಮೊನ್ನೆ ಡೈರಿಯ ಆ ಪುಟದ ಇನ್ನೊಂದು ಫೋಟೊ ಬಂತು. ‘ನೆಲ್ಲಿಕಾಯಿ ಗಾತ್ರ’ದ ಪಕ್ಕದಲ್ಲಿದ್ದ ಪ್ರಶ್ನೆಯನ್ನು ಹೊಡೆದುಹಾಕಿ ಬರೆದಿದ್ದರು: ‘ಬೆಟ್ಟದ ನೆಲ್ಲಿ. ಹೊಸ ಹುಣಸೆಯಾದರೆ ಸ್ವಲ್ಪ ಕಡಿಮೆ.’