ದೊಡ್ಡ ಆಟಗಾರ ಯಾರು? ಲೆಕ್ಕಕ್ಕೆ ಸಿಗದ ಟೆನಿಸ್

ಕ್ರೀಡಾಭಿಮಾನಿಗಳ ನಡುವೆ ಎಂದೂ ಮುಗಿಯದ ಪ್ರಶ್ನೆಯೊಂದಿದೆ: ಎಲ್ಲರಿಗಿಂತ ದೊಡ್ಡ ಆಟಗಾರ ಯಾರು? ಟೆನಿಸ್‌ನ ಮಟ್ಟಿಗೆ ಕಳೆದ ಎರಡು ದಶಕಗಳಿಂದ ಈ ಪ್ರಶ್ನೆ ಮೂವರ ಸುತ್ತಲೇ ಸುತ್ತಿದೆ. ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್ 20 ಗ್ರ್ಯಾನ್ ಸ್ಲಾಮ್ ಸಿಂಗಲ್ಸ್ ಪ್ರಶಸ್ತಿಗಳೊಂದಿಗೆ 2022ರಲ್ಲಿ ನಿವೃತ್ತರಾದರು. ಸ್ಪೇನಿನ ರಫೆಲ್ ನಡಾಲ್ 22 ಪ್ರಶಸ್ತಿಗಳೊಂದಿಗೆ 2024ರಲ್ಲಿ ವಿದಾಯ ಹೇಳಿದರು. ಸರ್ಬಿಯಾದ ನೊವಾಕ್ ಜೊಕೊವಿಚ್ 2023ರ ಯುಎಸ್ ಓಪನ್ ಗೆದ್ದು 24ಕ್ಕೆ ತಲುಪಿದರು. ಲೆಕ್ಕ ಇಷ್ಟು ಸರಳವಾಗಿರುವಾಗ ವಾದವೇಕೆ ಎಂದು ಕೆಲವರು ಕೇಳುತ್ತಾರೆ. ಆದರೆ ವಾದ ನಿಂತಿಲ್ಲ. ನಿಲ್ಲುವ ಲಕ್ಷಣವೂ ಇಲ್ಲ.

ನಿಲ್ಲದಿರಲು ಕಾರಣವಿದೆ. ಸಂಖ್ಯೆಗಳು ಸುಳ್ಳು ಹೇಳುವುದಿಲ್ಲ ನಿಜ, ಆದರೆ ಪೂರ್ತಿ ಹೇಳುವುದೂ ಇಲ್ಲ. ಜೊಕೊವಿಚ್ ಮತ್ತು ನಡಾಲ್ 60 ಬಾರಿ ಮುಖಾಮುಖಿಯಾದರು. ಜೊಕೊವಿಚ್ 31, ನಡಾಲ್ 29 ಪಂದ್ಯ ಗೆದ್ದರು. ಅದನ್ನೇ ಬಿಡಿಸಿ ನೋಡಿದರೆ, ಆವೆಮಣ್ಣಿನ ಅಂಕಣದಲ್ಲಿ ನಡಾಲ್ 20–9ರಿಂದ ಮುಂದು, ಗಟ್ಟಿ ಅಂಕಣದಲ್ಲಿ ಜೊಕೊವಿಚ್ 20–7ರಿಂದ ಮುಂದು, ಹುಲ್ಲಿನ ಮೇಲೆ 2–2 ಸಮ. ಎಲ್ಲಿ ಹೆಚ್ಚು ಸಲ ಭೇಟಿಯಾದರು ಎಂಬುದರ ಮೇಲೆ ಒಟ್ಟು ಲೆಕ್ಕ ವಾಲುತ್ತದೆ. ಆಸ್ಟ್ರೇಲಿಯಾದ ರಾಡ್ ಲೇವರ್ ಅವರದು ಇನ್ನೂ ವಿಚಿತ್ರ. 1962 ಮತ್ತು 1969ರಲ್ಲಿ, ಎರಡು ಬಾರಿ, ಒಂದೇ ವರ್ಷದ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳನ್ನು ಗೆದ್ದವರು ಅವರು. ನಡುವಿನ ಐದು ವರ್ಷ, ಹಣಕ್ಕಾಗಿ ಆಡುವ ವೃತ್ತಿಪರರು ಎಂಬ ಕಾರಣಕ್ಕೆ ಅವರಿಗೆ ಆ ಟೂರ್ನಿಗಳ ಬಾಗಿಲೇ ಮುಚ್ಚಿತ್ತು. ಅವರ ಹೆಸರಿನ ಮುಂದೆ ಇರುವ 11 ಎಂಬ ಅಂಕಿಯಲ್ಲಿ ಆ ಐದು ವರ್ಷಗಳು ಕಾಣುವುದಿಲ್ಲ.

ಈ ಚರ್ಚೆಯಲ್ಲಿ ನಮ್ಮನ್ನು ಕಾಡುವುದು ಇನ್ನೊಂದು ಸಂಗತಿ. ದೊಡ್ಡವರನ್ನು ಎಣಿಸುವಾಗ ಲೋಕ ಸಿಂಗಲ್ಸ್ ಬಿಟ್ಟು ಬೇರೇನನ್ನೂ ಎಣಿಸುವುದಿಲ್ಲ. ಹಾಗೆ ಎಣಿಸಿದರೆ ಭಾರತಕ್ಕೆ, ಅದರಲ್ಲೂ ಕರ್ನಾಟಕಕ್ಕೆ, ಆ ಪಟ್ಟಿಯಲ್ಲಿ ಜಾಗವೇ ಇಲ್ಲ. ಗ್ರ್ಯಾನ್ ಸ್ಲಾಮ್ ಪ್ರಶಸ್ತಿ ಮುಟ್ಟಿದ ಮೊದಲ ಭಾರತೀಯ, ಬೆಂಗಳೂರಿನಲ್ಲಿ ನೆಲೆಸಿದ್ದ ಮಹೇಶ್ ಭೂಪತಿ, 1997ರ ಫ್ರೆಂಚ್ ಓಪನ್‌ನಲ್ಲಿ ಅದನ್ನು ಗೆದ್ದದ್ದು ಜಪಾನಿನ ರಿಕಾ ಹಿರಾಕಿ ಜೊತೆ ಮಿಶ್ರ ಡಬಲ್ಸ್‌ನಲ್ಲಿ. ಕೊಡಗಿನ ರೋಹನ್ ಬೋಪಣ್ಣ ಸಿಂಗಲ್ಸ್ ಶ್ರೇಯಾಂಕದಲ್ಲಿ 213ಕ್ಕಿಂತ ಮೇಲೇರಲಿಲ್ಲ. ಆದರೆ 2017ರಲ್ಲಿ ಕೆನಡಾದ ಗೇಬ್ರಿಯೆಲಾ ಡಾಬ್ರೊವ್‌ಸ್ಕಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯಾದ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದು, ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದ ಅತಿ ಹಿರಿಯ ಆಟಗಾರರಾದರು. ಮೊಣಕಾಲು ಸವೆದು ನೋವು ತಿನ್ನುತ್ತಿದ್ದಾಗ ಯೋಗದ ಆಸರೆ ಹಿಡಿದು ಆಡಿದವರು ಅವರು. 2025ರ ನವೆಂಬರ್‌ನಲ್ಲಿ ನಿವೃತ್ತಿ ಘೋಷಿಸಿದರು.

ಡಬಲ್ಸ್ ಎಂದರೆ ಸಿಂಗಲ್ಸ್‌ನಲ್ಲಿ ಸೋತವರ ಆಟ ಎಂಬ ಧೋರಣೆ ನಮ್ಮ ಕ್ರೀಡಾಪುಟಗಳಲ್ಲೂ ಇದೆ. ಇದು ಸರಿಯಲ್ಲ. ಸಿಂಗಲ್ಸ್‌ನಲ್ಲಿ ಆಟಗಾರ ತನ್ನ ತಪ್ಪಿಗೆ ತಾನೇ ಬೆಲೆ ತೆರುತ್ತಾನೆ. ಡಬಲ್ಸ್‌ನಲ್ಲಿ ಇನ್ನೊಬ್ಬರ ತಪ್ಪಿನ ಬೆಲೆಯನ್ನೂ ತೆರಬೇಕು, ತೆತ್ತ ಮೇಲೆ ಮುಂದಿನ ಸರ್ವ್‌ಗೆ ಮುನ್ನ ಅವರ ಕೈ ತಟ್ಟಿ ನಿಲ್ಲಬೇಕು. ಬಲೆಯ ಬಳಿ ನಿಂತವರಿಗೆ ಹಿಂದೆ ನಿಂತವರು ಕಾಣುವುದಿಲ್ಲ, ಅವರು ಎಲ್ಲಿದ್ದಾರೆಂಬ ನಂಬಿಕೆಯ ಮೇಲೆಯೇ ಹೆಜ್ಜೆ ಇಡಬೇಕು. ಆ ನಂಬಿಕೆ ಇದ್ದಾಗ ಏನಾಗುತ್ತದೆ ಎಂಬುದಕ್ಕೆ 1999 ಸಾಕ್ಷಿ. ಆ ವರ್ಷ ಲಿಯಾಂಡರ್ ಪೇಸ್ ಮತ್ತು ಭೂಪತಿ ನಾಲ್ಕೂ ಗ್ರ್ಯಾನ್ ಸ್ಲಾಮ್‌ಗಳ ಫೈನಲ್ ತಲುಪಿ, ಫ್ರೆಂಚ್ ಓಪನ್ ಮತ್ತು ವಿಂಬಲ್ಡನ್ ಗೆದ್ದರು.

ನಂಬಿಕೆ ಕೆಟ್ಟಾಗ ಏನಾಗುತ್ತದೆ ಎಂಬುದಕ್ಕೆ 2012 ಸಾಕ್ಷಿ. ಲಂಡನ್ ಒಲಿಂಪಿಕ್ಸ್‌ಗೆ ಪೇಸ್ ಜೊತೆ ಆಡಲು ಭೂಪತಿಯೂ ಬೋಪಣ್ಣನೂ ಒಪ್ಪಲಿಲ್ಲ. ಕೊನೆಗೆ ಎರಡು ತಂಡಗಳು ಹೋದವು, ಪದಕ ಬರಲಿಲ್ಲ. ಅದಕ್ಕಿಂತ ನೋವಿನ ಸಂಗತಿ ಬೇರೆ. ಪೇಸ್ ಅವರನ್ನು ಸಮಾಧಾನಪಡಿಸಲು ಮಿಶ್ರ ಡಬಲ್ಸ್‌ನಲ್ಲಿ ಅವರಿಗೆ ಸಾನಿಯಾ ಮಿರ್ಜಾರನ್ನು ಜೊತೆಗಾರ್ತಿಯಾಗಿ ಗೊತ್ತುಮಾಡಲಾಯಿತು. ಅದಕ್ಕೆ ಕೆಲವೇ ವಾರಗಳ ಹಿಂದೆ ಸಾನಿಯಾ ಭೂಪತಿ ಜೊತೆ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್ ಗೆದ್ದಿದ್ದರು. ಗಂಡಸರ ಜಗಳ ತೀರಿಸಲು ತನ್ನನ್ನು ಗಾಳದ ಎರೆಯಂತೆ ಬಳಸಲಾಯಿತೆಂದು ಅವರು ಬಹಿರಂಗವಾಗಿಯೇ ನೊಂದು ನುಡಿದರು. ಪೈಪೋಟಿ ಎಂಬ ಸುಂದರ ಪದಕ್ಕೆ ನಾವು ಎಂಥ ಅರ್ಥ ಕೊಟ್ಟಿದ್ದೇವೆ ನೋಡಿ!

ಸಾನಿಯಾ ಅವರ ಬದುಕನ್ನು ನೋಡಿದರೆ ನಮ್ಮ ಚರ್ಚೆಗಳ ಬಡತನ ಇನ್ನಷ್ಟು ಕಾಣುತ್ತದೆ. ಅವರು ಬೆಳೆದ ಹೈದರಾಬಾದ್ ರಾಯಚೂರಿನವರಿಗೆ ದೂರದ ಊರಲ್ಲ. 1956ರವರೆಗೆ ರಾಯಚೂರು ಹೈದರಾಬಾದ್ ರಾಜ್ಯದ ಜಿಲ್ಲೆಯೇ ಆಗಿತ್ತು. 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಶ್ರೇಯಾಂಕ, 2015ರಲ್ಲಿ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನ, ಒಟ್ಟು ಆರು ಗ್ರ್ಯಾನ್ ಸ್ಲಾಮ್ ಪ್ರಶಸ್ತಿ. ಇವುಗಳ ಬಗ್ಗೆ ನಡೆದ ಮಾತು ಕಡಿಮೆ. 2005ರಲ್ಲಿ ಕೆಲವು ಧರ್ಮಗುರುಗಳು ಅವರ ಉಡುಪಿನ ಬಗ್ಗೆ ಆಕ್ಷೇಪ ಎತ್ತಿದರು. 2008ರ ಹೊತ್ತಿಗೆ ರಾಷ್ಟ್ರಧ್ವಜದ ಬಳಿ ಕಾಲು ಚಾಚಿದರೆಂಬ ಒಂದು ಛಾಯಾಚಿತ್ರದ ಮೇಲೆ ಮೊಕದ್ದಮೆ ಹೂಡಲಾಯಿತು. ಒಂದು ಕಡೆಯವರಿಗೆ ಅವರು ಸಾಕಷ್ಟು ಮುಸ್ಲಿಮರಾಗಿರಲಿಲ್ಲ, ಇನ್ನೊಂದು ಕಡೆಯವರಿಗೆ ಸಾಕಷ್ಟು ಭಾರತೀಯರಾಗಿರಲಿಲ್ಲ. ವಿವಾದಗಳಿಂದ ಬೇಸತ್ತು ಅವರು ಆ ವರ್ಷದ ಬೆಂಗಳೂರು ಓಪನ್‌ನಲ್ಲಿ ಆಡಲಿಲ್ಲ.

ಕಬ್ಬನ್ ಪಾರ್ಕಿನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಕಣದಲ್ಲಿ ಅದೇ ಟೂರ್ನಿಯ ಸೆಮಿಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್ ತಮ್ಮ ಅಕ್ಕ ವೀನಸ್‌ರನ್ನು ಮೂರು ಸೆಟ್‌ಗಳಲ್ಲಿ ಸೋಲಿಸಿದರು. 2001ರಲ್ಲಿ ಅಮೆರಿಕದ ಇಂಡಿಯನ್ ವೆಲ್ಸ್‌ನಲ್ಲಿ ತಮ್ಮದೇ ದೇಶದ ಪ್ರೇಕ್ಷಕರ ಕೂಗಾಟಕ್ಕೆ ಗುರಿಯಾಗಿ, ಆ ಟೂರ್ನಿಯನ್ನು ವರ್ಷಗಟ್ಟಲೆ ತೊರೆದಿದ್ದ ಸೋದರಿಯರು ಇವರು. ಅವರನ್ನು ನಾವು ಚಪ್ಪಾಳೆ ತಟ್ಟಿ ಸ್ವಾಗತಿಸಿದೆವು. ನಮ್ಮ ಮಗಳೇ ನಮ್ಮ ಅಂಕಣಕ್ಕೆ ಬರಲು ಹಿಂಜರಿದದ್ದೇಕೆ ಎಂದು ಎಷ್ಟು ಜನ ಕೇಳಿಕೊಂಡೆವು? 2014ರಲ್ಲಿ ಅವರನ್ನು ತೆಲಂಗಾಣದ ರಾಯಭಾರಿಯಾಗಿ ಆರಿಸಿದಾಗ ಅಲ್ಲಿನ ಶಾಸಕರೊಬ್ಬರು 'ಪಾಕಿಸ್ತಾನದ ಸೊಸೆ' ಎಂದರು. ಅದೇ ವರ್ಷ ಅವರು ಯುಎಸ್ ಓಪನ್ ಮಿಶ್ರ ಡಬಲ್ಸ್ ಗೆದ್ದರು.

ಇದೇ ಹಿನ್ನೆಲೆಯಲ್ಲಿ 2010ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಬೋಪಣ್ಣ ಮತ್ತು ಲಾಹೋರಿನ ಐಸಾಮ್ ಉಲ್ ಹಕ್ ಖುರೇಷಿ ಯುಎಸ್ ಓಪನ್ ಡಬಲ್ಸ್ ಫೈನಲ್ ತಲುಪಿದರು. ಮುಂಬೈ ದಾಳಿ ನಡೆದು ಎರಡು ವರ್ಷವೂ ತುಂಬಿರಲಿಲ್ಲ. ವಿಶ್ವಸಂಸ್ಥೆಯಲ್ಲಿನ ಭಾರತ ಮತ್ತು ಪಾಕಿಸ್ತಾನದ ರಾಯಭಾರಿಗಳು ಒಟ್ಟಿಗೆ ಕುಳಿತು ಅವರ ಆಟ ನೋಡಿದರು. ಯುದ್ಧ ನಿಲ್ಲಿಸಿ, ಟೆನಿಸ್ ಶುರುಮಾಡಿ ಎಂಬ ಸಂದೇಶವನ್ನು ಈ ಜೋಡಿ ಅದೇ ವರ್ಷ ವಿಂಬಲ್ಡನ್‌ನಲ್ಲಿ ತಮ್ಮ ಉಡುಪಿನ ಮೇಲೆ ಧರಿಸಿತ್ತು. ಫೈನಲ್‌ನಲ್ಲಿ ಅಮೆರಿಕದ ಬ್ರಯಾನ್ ಸೋದರರಿಗೆ ಎರಡೂ ಸೆಟ್‌ಗಳನ್ನು ಟೈಬ್ರೇಕರ್‌ನಲ್ಲಿ ಸೋತರು. ಸೋತ ಮೇಲೆ ಖುರೇಷಿ ಧ್ವನಿವರ್ಧಕದ ಮುಂದೆ ನಿಂತು, ತಮ್ಮ ದೇಶದ ಜನರ ಬಗ್ಗೆ ಲೋಕದಲ್ಲಿ ತಪ್ಪು ಕಲ್ಪನೆಯಿದೆ, ಅವರೂ ಎಲ್ಲರಂತೆ ಶಾಂತಿ ಬಯಸುವವರು ಎಂದರು. ಪ್ರಶಸ್ತಿಗಳ ಪಟ್ಟಿಯಲ್ಲಿ ಈ ಪಂದ್ಯ ಒಂದು ಸೋಲು ಮಾತ್ರ.

ಇಲ್ಲಿ ಅತಿಶಯೋಕ್ತಿ ಬೇಡ. ಒಂದು ಜೋಡಿ ಎರಡು ದೇಶಗಳ ಮನಸ್ಸು ಬದಲಿಸಲಾರದು. 2019ರ ಡೇವಿಸ್ ಕಪ್ ಪಂದ್ಯವನ್ನು ಪಾಕಿಸ್ತಾನದಿಂದ ಕಜಕಸ್ತಾನಕ್ಕೆ ಸ್ಥಳಾಂತರಿಸಿದಾಗ ಇದೇ ಖುರೇಷಿ ಪ್ರತಿಭಟಿಸಿ ಆಡದೆ ಉಳಿದರು. 2024ರಲ್ಲಿ ಭಾರತದ ತಂಡ ಇಸ್ಲಾಮಾಬಾದಿಗೆ ಹೋದದ್ದು 60 ವರ್ಷಗಳ ಬಳಿಕ. ಆಟಗಾರರೂ ತಮ್ಮ ಕಾಲದ ಮನುಷ್ಯರೇ. ಆಟದಲ್ಲಿ ಗೆಲುವೇ ಮುಖ್ಯ, ಅದಕ್ಕೆ ನೀತಿಯ ಹೊರೆ ಹೊರಿಸಬೇಡಿ ಎಂಬ ವಾದದಲ್ಲೂ ಸತ್ಯವಿದೆ. ಗೆಲ್ಲದಿದ್ದರೆ ಬೋಪಣ್ಣನನ್ನಾಗಲಿ ಸಾನಿಯಾರನ್ನಾಗಲಿ ನಾವು ನೆನೆಯುತ್ತಿರಲಿಲ್ಲ. ನಮ್ಮ ತಕರಾರು ಇಷ್ಟೇ: ಗೆಲುವನ್ನು ಎಣಿಸುವವರು ಅದನ್ನು ಯಾರ ಜೊತೆ ಸೇರಿ, ಏನನ್ನು ತಾಳಿಕೊಂಡು ಗೆದ್ದರು ಎಂಬುದನ್ನೂ ಎಣಿಸಬೇಕು. ಸಾನಿಯಾ 14ನೇ ವಯಸ್ಸಿನಲ್ಲಿ ಮೊದಲ ಬಾರಿ ಮಿಶ್ರ ಡಬಲ್ಸ್ ಆಡಿದ್ದು ಬೋಪಣ್ಣ ಜೊತೆ. 2023ರಲ್ಲಿ ಮೆಲ್ಬರ್ನ್‌ನಲ್ಲಿ ತಮ್ಮ ಕೊನೆಯ ಗ್ರ್ಯಾನ್ ಸ್ಲಾಮ್ ಫೈನಲ್ ಆಡಿದ್ದೂ ಅವರ ಜೊತೆಗೇ. ಸೋತರು. ಆದರೂ ಎರಡು ದಶಕ ಉಳಿದ ಆ ಸ್ನೇಹವನ್ನು ಯಾವ ಅಂಕಿಯಲ್ಲಿ ಬರೆಯುತ್ತೀರಿ?

ರಾಯಚೂರು ಜಿಲ್ಲೆಯ ಮಲ್ಲಟದಂಥ ಊರುಗಳಿಗೆ ಟೆನಿಸ್ ಬಂದಿಲ್ಲ, ಟೆನಿಸ್ ಚೆಂಡು ಮಾತ್ರ ಬಂದಿದೆ, ಅದೂ ಕ್ರಿಕೆಟ್ ಆಡಲು. ರಾಕೆಟ್, ಅಂಕಣ, ತರಬೇತುದಾರ ಇವೆಲ್ಲ ನಗರದ, ಉಳ್ಳವರ ಸೊತ್ತಾಗಿಯೇ ಉಳಿದಿವೆ. 2023ರಲ್ಲಿ ಕಲಬುರಗಿಯಲ್ಲಿ ಪುರುಷರ ಅಂತಾರಾಷ್ಟ್ರೀಯ ಟೂರ್ನಿ ನಡೆದಾಗ ಈ ಭಾಗಕ್ಕೂ ಆ ಆಟದ ಗಾಳಿ ಸ್ವಲ್ಪ ಬೀಸಿತು. ಆದರೆ ಆಟ ಮುಟ್ಟದ ಊರುಗಳಿಗೂ ಆಟದ ಸುತ್ತಲಿನ ಮಾತು ಟಿ.ವಿ. ಮತ್ತು ಮೊಬೈಲ್ ಮೂಲಕ ತಪ್ಪದೇ ಮುಟ್ಟುತ್ತದೆ. ಯಾರು ದೊಡ್ಡವರು, ಯಾರು ದೇಶದ್ರೋಹಿ, ಯಾರು ಯಾರ ಸೊಸೆ ಎಂಬ ಮಾತುಗಳು ರಾಕೆಟ್‌ಗಿಂತ ಎಷ್ಟೋ ಮೊದಲು ಅಲ್ಲಿನ ಮಕ್ಕಳ ಕಿವಿಗೆ ಬೀಳುತ್ತವೆ. ಹಾಗಾಗಿ ಈ ಚರ್ಚೆ ಕೇವಲ ಕ್ರೀಡಾಪುಟದ್ದಲ್ಲ. ಅದನ್ನು ಬರೆಯುವವರಿಗೂ ಮನೆಯಲ್ಲಿ ಆಡುವವರಿಗೂ ಹೊಣೆಯಿದೆ. ದೊಡ್ಡ ಆಟಗಾರ ಯಾರು ಎಂದು ಮಕ್ಕಳು ಕೇಳಿದಾಗ 24, 22, 20 ಎಂದು ಹೇಳೋಣ. ಅದರ ಜೊತೆಗೆ ಕೊಡಗಿನವನೊಬ್ಬ ಮತ್ತು ಲಾಹೋರಿನವನೊಬ್ಬ ಬಲೆಯ ಒಂದೇ ಬದಿಯಲ್ಲಿ ನಿಂತು ಸೋತ ಕಥೆಯನ್ನೂ ಹೇಳೋಣ.